ಸೈಟ್: ನಿಲ್

ಒಬ್ಬೊಬ್ಬರಿಗೆ ಒಂದೊಂದು ಹೆಮ್ಮೆ ಇರುತ್ತದೆ. ಕೆಲವರಿಗೆ ತಮ್ಮ ಕಂಠದ ಬಗ್ಗೆ, ಕೆಲವರಿಗೆ ತಮ್ಮ ಮೀಸೆಯ ಬಗ್ಗೆ, ನಮ್ಮ ಪಕ್ಕದ ಮನೆಯವರಿಗೆ ಇಷ್ಟು ವಯಸ್ಸಾದರೂ ಒಂದು ಹಲ್ಲೂ ಅಲ್ಲಾಡಿಲ್ಲ ಎಂಬುದರ ಬಗ್ಗೆ. ನನ್ನದು ಇವೆಲ್ಲಕ್ಕಿಂತ ಬಡಪಾಯಿ ಹೆಮ್ಮೆ. ನಾನು ಫಾರಂ ಚೆನ್ನಾಗಿ ತುಂಬುತ್ತೇನೆ. ಜೀವಮಾನದಲ್ಲಿ ಯಾವ ಫಾರಮ್ಮಿನ ಯಾವ ಕಾಲಮ್ಮನ್ನೂ ನಾನು ಖಾಲಿ ಬಿಟ್ಟವನಲ್ಲ. ನಮ್ಮಪ್ಪ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ಟರಾಗಿದ್ದರು. ಖಾಲಿ ಬಿಟ್ಟ ಜಾಗದಲ್ಲಿ ನಾಳೆ ಇನ್ಯಾರೋ ತಮಗೆ ಬೇಕಾದ್ದು ಬರೆದುಕೊಳ್ಳುತ್ತಾರೆ, ಏನೂ ಇಲ್ಲದಿದ್ದರೆ ಏನೂ ಇಲ್ಲ ಅಂತಲಾದರೂ ಬರಿ ಎಂದು ಕಿವಿ ಹಿಂಡಿ ಕಲಿಸಿದ್ದರು. ಹಾಗಾಗಿ ನನ್ನ ಹರ್ನಿಯಾ ಆಪರೇಷನ್ನಿನ ದಿನ ಆಸ್ಪತ್ರೆಯವರು ಕೊಟ್ಟ ಫಾರಮ್ಮಿನಲ್ಲಿ ‘ಗರ್ಭಿಣಿಯೇ?’ ಎಂಬ ಪ್ರಶ್ನೆಗೂ ನಾನು ದುಂಡಗಿನ ಅಕ್ಷರದಲ್ಲಿ ‘ಅಲ್ಲ’ ಎಂದು ಬರೆದಿದ್ದೆ. ನರ್ಸಮ್ಮ ಅದನ್ನು ವಾರ್ಡಿಗೆಲ್ಲ ತೋರಿಸಿ ನಕ್ಕಳು. ಹೊಲಿಗೆ ಬಿಚ್ಚುವ ತನಕ ನನಗೆ ನಗಲು ಅನುಮತಿ ಇರಲಿಲ್ಲ, ಆದ್ದರಿಂದ ನಾನು ನಗಲಿಲ್ಲ. ಈಗ ಹೇಳಹೊರಟಿರುವ ವಿಷಯಕ್ಕೆ ಹೊಲಿಗೆಯೇನೂ ಇಲ್ಲ, ಆದರೂ ನಗು ಬರುತ್ತಿಲ್ಲ.

ನಾನು ಕೆಲಸ ಮಾಡುವುದು ರಕ್ತ, ಮೂತ್ರ, ಕಫ ಇತ್ಯಾದಿಗಳನ್ನು ಪರೀಕ್ಷಿಸುವ ಒಂದು ಖಾಸಗಿ ಲ್ಯಾಬಿನಲ್ಲಿ. ಪರೀಕ್ಷಿಸುವವನು ನಾನಲ್ಲ. ನಾನು ಸಿಬ್ಬಂದಿ ವಿಭಾಗದ ಸೂಪರಿಂಟೆಂಡೆಂಟು, ಅಂದರೆ ರಜೆ, ಬಡ್ತಿ, ಮೆಮೊ, ಬೀಳ್ಕೊಡುಗೆಯ ಹಾರ ಇವು ನನ್ನ ಸುಪರ್ದಿಗೆ ಸೇರಿದವು. ಮುಖ್ಯ ಕಚೇರಿ ಶಿವಮೊಗ್ಗದ ಗಾಂಧಿ ಬಜಾರಿನ ಹಿಂದುಗಡೆ ಇದೆ. ಹುಬ್ಬಳ್ಳಿಯಲ್ಲೊಂದು, ಮಂಗಳೂರಿನಲ್ಲೊಂದು ಶಾಖೆ ಇವೆ. ಭದ್ರಾವತಿಯ ಕಾಗದನಗರದಲ್ಲಿ ಒಂದು ಚಿಕ್ಕ ಶಾಖೆ, ಬಾಡಿಗೆ ಕಟ್ಟಡದಲ್ಲಿ, ಮೂರು ಕಂಪ್ಯೂಟರು ಮತ್ತು ಒಂದು ಬೆಂಚು ಇಟ್ಟುಕೊಂಡು ಬೆಳಗ್ಗೆ ಏಳಕ್ಕೆ ಬಾಗಿಲು ತೆಗೆಯುತ್ತದೆ. ನನಗೆ ನಿವೃತ್ತಿಗೆ ಇನ್ನು ನಾಲ್ಕು ತಿಂಗಳಿದೆ. ನನ್ನ ಸರ್ವೀಸ್ ಪುಸ್ತಕದಲ್ಲಿ ಇಲ್ಲಿಯವರೆಗೆ ಒಂದೂ ಷರಾ ಬಿದ್ದಿಲ್ಲ, ಮತ್ತು ಇದನ್ನು ನಾನು ಆಗಾಗ ಕೇಳದವರಿಗೂ ಹೇಳುತ್ತಿರುತ್ತೇನೆ.

ಇನ್ನು ‘ಸೈಟ್’ ಎಂಬ ಶಬ್ದದ ವಿಚಾರ. ಶಿವಮೊಗ್ಗದಲ್ಲಿ ಈ ಶಬ್ದಕ್ಕೆ ಒಂದೇ ಅರ್ಥ. ಮೂವತ್ತಕ್ಕೆ ನಲವತ್ತು, ನಲವತ್ತಕ್ಕೆ ಅರವತ್ತು, ಕಾರ್ನರ್ ಅಥವಾ ಮಧ್ಯದ್ದು, ಖಾತೆ ಆಗಿದೆಯೋ ಇಲ್ಲವೋ. ಹೆಣ್ಣು ನೋಡಲು ಹೋದರೂ ಸಾವಿಗೆ ಹೋದರೂ ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಮಾತು ಸೈಟಿಗೆ ಬಂದಿರುತ್ತದೆ. ನನಗೂ ಒಂದು ಸೈಟ್ ಇತ್ತು. ಸೋಗಾನೆಯ ಹತ್ತಿರ, ಪೂರ್ವಕ್ಕೆ ಮುಖ ಮಾಡಿದ್ದು, ಒಂದು ಹೊಂಗೆ ಮರದ ಸಮೇತ. ಅಲ್ಲಿ ಯಾರು ಮನೆ ಕಟ್ಟುತ್ತಾರೆ, ನರಿಯೂ ಬರೋದಿಲ್ಲ ಅಂತ ನಾನೇ ತೀರ್ಮಾನಿಸಿ ಅದನ್ನು ಮಾರಿದೆ. ಆಮೇಲೆ ಅಲ್ಲಿ ವಿಮಾನ ನಿಲ್ದಾಣ ಬಂತು. ಈಗ ನಾವಿರುವ ಬಾಡಿಗೆ ಮನೆಯ ಮೇಲೆ ವಿಮಾನ ಹೋದಾಗಲೆಲ್ಲ ನನ್ನ ಹೆಂಡತಿ ವಿಶಾಲಾಕ್ಷಿ ಮಾಡುತ್ತಿರುವ ಕೆಲಸ ನಿಲ್ಲಿಸಿ ಸೂರು ನೋಡುತ್ತಾಳೆ. ವಿಮಾನ ಹೋದ ಮೇಲೆ ಮತ್ತೆ ಹೆಚ್ಚುತ್ತಿದ್ದ ಬೀನ್ಸನ್ನು ಮೊದಲಿಗಿಂತ ಸ್ವಲ್ಪ ಜೋರಾಗಿ ಹೆಚ್ಚುತ್ತಾಳೆ. ಸೈಟ್ ಎಂಬ ಶಬ್ದ ನನ್ನ ಕಿವಿಗೆ ಬಿದ್ದರೆ ನನಗೆ ಬೇರೆ ಅರ್ಥ ಹೊಳೆಯಲು ಸಾಧ್ಯವೇ ಇರಲಿಲ್ಲ ಎಂಬುದನ್ನು ನೀವು ಒಪ್ಪಬೇಕು ಎಂದು ಇಷ್ಟೆಲ್ಲ ಹೇಳಿದೆ.

ಎರಡು ವರ್ಷದ ಹಿಂದೆ ನಮ್ಮ ನಾಲ್ಕೂ ಕಚೇರಿಗಳ ಕಂಪ್ಯೂಟರುಗಳನ್ನು ಒಂದೇ ಸೂತ್ರಕ್ಕೆ ಪೋಣಿಸುವ ಗುತ್ತಿಗೆ ಹಿಡಿದ ಕಂಪನಿಯವರು ಒಂದು ಫಾರಂ ಕಳಿಸಿದರು. ಅದರಲ್ಲಿ ಪ್ರತಿ ಶಾಖೆಯ ಮುಂದೆ ವಿಳಾಸ, ಕಂಪ್ಯೂಟರುಗಳ ಸಂಖ್ಯೆ, ಅವುಗಳ ನಂಬರು, ಮತ್ತು ಕೊನೆಯಲ್ಲಿ ‘ಸೈಟ್’ ಎಂಬ ಕಾಲಂ ಇತ್ತು. ಫಾರಂ ಅಂದಮೇಲೆ ಅದು ನನ್ನ ಟೇಬಲ್ಲಿಗೇ ಬರಬೇಕು, ಬಂತು. ಕಂಪ್ಯೂಟರಿನವರಿಗೆ ನಮ್ಮ ಸೈಟ್ ಯಾಕೆ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಬಹುಶಃ ವೈರು ಎಳೆಯಲು ಅಳತೆ ಬೇಕಿರಬಹುದು ಎಂದುಕೊಂಡೆ. ಆಸ್ತಿಯ ಫೈಲು ತರಿಸಿ ಶಿವಮೊಗ್ಗದ ಮುಂದೆ ‘ನಲವತ್ತು ಇಂಟು ಅರವತ್ತು, ಪೂರ್ವ’ ಎಂದು ಬರೆದೆ. ಹುಬ್ಬಳ್ಳಿಗೆ ‘ಮೂವತ್ತು ಇಂಟು ಐವತ್ತು, ಕಾರ್ನರ್’. ಮಂಗಳೂರಿನದು ಸೆಂಟ್ಸ್ ಲೆಕ್ಕದಲ್ಲಿತ್ತು, ಅದನ್ನು ಅಡಿಗೆ ಬದಲಾಯಿಸಲು ಅರ್ಧ ದಿನ ಹಿಡಿಯಿತು. ಕಾಗದನಗರದ್ದು ಬಾಡಿಗೆ ಕಟ್ಟಡವಾದ್ದರಿಂದ ಸ್ವಂತ ಸೈಟ್ ಇರಲಿಲ್ಲ. ಖಾಲಿ ಬಿಡುವ ಜಾಯಮಾನ ನನ್ನದಲ್ಲ. ‘ನಿಲ್’ ಎಂದು ಬರೆದು, ಕೆಳಗೆ ಸಹಿ ಮಾಡಿ, ಸೀಲು ಹೊಡೆದು ಕಳಿಸಿದೆ.

ಅದೇ ಸಮಯದಲ್ಲಿ ಹಾಜರಿಯ ಪದ್ಧತಿಯೂ ಬದಲಾಯಿತು. ಮೊದಲು ಹೆಬ್ಬೆಟ್ಟು ಒತ್ತುವ ಯಂತ್ರವಿತ್ತು. ದಿನವಿಡೀ ಗ್ಲೌಸು ಹಾಕಿ, ಕೈಗೆ ಸ್ಪಿರಿಟ್ ಹಚ್ಚಿ ಕೆಲಸ ಮಾಡುವವರ ಹೆಬ್ಬೆಟ್ಟಿನ ಗೆರೆ ಅದಕ್ಕೆ ಸಿಗುತ್ತಿರಲಿಲ್ಲ. ಅದನ್ನು ಕಿತ್ತುಹಾಕಿ, ಬೆಳಗ್ಗೆ ಯಾರು ಎಷ್ಟು ಹೊತ್ತಿಗೆ ಕಂಪ್ಯೂಟರಿಗೆ ಲಾಗಿನ್ ಆಗುತ್ತಾರೋ ಅದೇ ಅವರು ಬಂದ ಹೊತ್ತು ಎಂದು ಗೊತ್ತುಪಡಿಸಲಾಯಿತು. ತಿಂಗಳಿಗೆ ಮೂರು ಸಲ ತಡವಾದರೆ ಅರ್ಧ ದಿನ ರಜೆ ಕಡಿತ, ಆರು ಸಲ ತಡವಾದರೆ ಮೆಮೊ. ಮೆಮೊದ ಒಕ್ಕಣೆ ನನ್ನದೇ. ‘ತಾವು ಪದೇ ಪದೇ ವಿಳಂಬವಾಗಿ ಕರ್ತವ್ಯಕ್ಕೆ ಹಾಜರಾಗುತ್ತಿರುವುದು ವಿಷಾದದೊಂದಿಗೆ ಗಮನಕ್ಕೆ ಬಂದಿರುತ್ತದೆ’ ಎಂಬ ವಾಕ್ಯದಲ್ಲಿ ‘ವಿಷಾದದೊಂದಿಗೆ’ ಎಂಬುದನ್ನು ಸೇರಿಸಿದ್ದು ನಾನೇ. ಬೈಯುವಾಗಲೂ ಮನುಷ್ಯತ್ವ ಇರಬೇಕು ಎಂಬುದು ನನ್ನ ಅಭಿಪ್ರಾಯವಾಗಿತ್ತು.

ಆ ವಿಷಾದ ಹೆಚ್ಚಾಗಿ ಹೋಗುತ್ತಿದ್ದದ್ದು ಕಾಗದನಗರಕ್ಕೆ, ಅದರಲ್ಲೂ ಸೆಲ್ವಿಗೆ. ಸೆಲ್ವಿ ಅಲ್ಲಿನ ಕೌಂಟರಿನಲ್ಲಿ ಹೆಸರು ಬರೆದುಕೊಳ್ಳುವವಳು. ಒಂಬತ್ತು ವರ್ಷದಿಂದ ಗುತ್ತಿಗೆಯ ಮೇಲಿದ್ದಾಳೆ. ಅಪ್ಪ ಕಾಗದದ ಕಾರ್ಖಾನೆಯಲ್ಲಿದ್ದರು, ಈಗಿಲ್ಲ. ಮನೆಯಲ್ಲಿ ಅವಳು ಮತ್ತು ಅವಳಮ್ಮ, ಇಬ್ಬರೂ ತಮ್ಮೊಳಗೆ ತಮಿಳು ಮಾತಾಡುತ್ತಾರೆ. ನನಗಿಂತ ಸ್ಪಷ್ಟವಾದ ಕನ್ನಡದಲ್ಲಿ ರೋಗಿಗಳನ್ನು ಗದರುತ್ತಾಳೆ. ಈ ವರ್ಷ ನಮ್ಮ ಸಂಸ್ಥೆ ಗುತ್ತಿಗೆಯವರಲ್ಲಿ ಕೆಲವರನ್ನು ಖಾಯಂ ಮಾಡುವುದಾಗಿಯೂ ಮಿಕ್ಕವರನ್ನು ಮುಂದುವರಿಸುವುದಿಲ್ಲವೆಂದೂ ಹೇಳಿತ್ತು. ಅಂದರೆ ಸೆಲ್ವಿಗೆ ಒಂದೋ ಖಾಯಂ ಕೆಲಸ, ಇಲ್ಲವೇ ಮನೆ. ನಾಲ್ಕನೇ ಮೆಮೊ ಹೋದ ಮೇಲೆ ಅವಳು ನನಗೆ ಫೋನ್ ಮಾಡಿದಳು. ಜಗಳ ಮಾಡುತ್ತಾಳೆ ಎಂದುಕೊಂಡು ನಾನು ಕನ್ನಡಕ ಸರಿಮಾಡಿಕೊಂಡೆ. ಅವಳು ಮೆಲ್ಲಗೆ, “ಸಾರ್, ನಾನು ಏಳಕ್ಕೆ ಐದು ನಿಮಿಷ ಇರೋವಾಗಲೇ ಬಂದಿರ್ತೀನಿ ಸಾರ್. ಕಂಪ್ಯೂಟರ್ ಬಂದಿರಲ್ಲ” ಅಂದಳು.

ನಾನು ನಕ್ಕುಬಿಟ್ಟೆ. ಫೋನಿನಲ್ಲಿ ಅಲ್ಲ, ಇಟ್ಟ ಮೇಲೆ. ಹನ್ನೊಂದು ಗಂಟೆಯ ಟೀ ಹೊತ್ತಿಗೆ ಅದನ್ನು ಎಲ್ಲರಿಗೂ ಹೇಳಿದೆ. ಕಾಗದನಗರದಲ್ಲಿ ಕಂಪ್ಯೂಟರ್ ಬಸ್ ಹಿಡಿದು ಬರಬೇಕಂತೆ ಎಂದು ನಾನು ಕೈಯಾಡಿಸಿ ಹೇಳಿದ್ದು ಬಹಳ ದಿನ ನಮ್ಮ ಕಚೇರಿಯಲ್ಲಿ ಓಡಿತು. ಯಾರಾದರೂ ತಡವಾಗಿ ಬಂದರೆ, ಏನಪ್ಪಾ, ಕಂಪ್ಯೂಟರಿಗೆ ಬಸ್ ಸಿಗಲಿಲ್ವಾ ಎಂದು ಕೇಳುವುದು ರೂಢಿಯಾಯಿತು. ನನಗೆ ಜೀವನದಲ್ಲಿ ಇಂಥ ಯಶಸ್ಸು ಕಡಿಮೆ, ಆದ್ದರಿಂದ ನಾನದನ್ನು ಸಾಕಷ್ಟು ಅನುಭವಿಸಿದೆ.

ಅಲ್ಲಿ ನಡೆಯುತ್ತಿದ್ದದ್ದು ಬೇರೆ. ಬೆಳಗ್ಗೆ ಬರುವವರೆಲ್ಲ ಸಕ್ಕರೆ ಪರೀಕ್ಷೆಯವರು. ರಾತ್ರಿ ಉಂಡಿದ್ದಷ್ಟೇ, ಖಾಲಿ ಹೊಟ್ಟೆಯಲ್ಲಿ ಬಂದು ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಾರೆ. ಲಾಗಿನ್ ಆಗದೆ ಹೆಸರು ಹತ್ತುವುದಿಲ್ಲ, ಹೆಸರು ಹತ್ತದೆ ಬಾಟಲಿಗೆ ಅಂಟಿಸುವ ಚೀಟಿ ಬರುವುದಿಲ್ಲ, ಚೀಟಿ ಇಲ್ಲದೆ ಸೂಜಿ ಚುಚ್ಚುವ ಹಾಗಿಲ್ಲ. ಸೆಲ್ವಿ ಹೆಸರು, ಗುಪ್ತಪದ ಒತ್ತಿ ಕೂತರೆ ತೆರೆಯ ಮೇಲೆ ಒಂದು ಚಕ್ರ ಸುತ್ತಲು ಶುರುವಾಗುತ್ತಿತ್ತು. ಅರ್ಧ ಗಂಟೆ, ಒಮ್ಮೊಮ್ಮೆ ಮುಕ್ಕಾಲು ಗಂಟೆ. ಒಂದು ದಿನ ಒಬ್ಬ ಮುದುಕ ಬೆಂಚಿನಿಂದ ಜಾರಿ ಬಿದ್ದ. ಅವತ್ತಿನಿಂದ ಅವಳು ಡ್ರಾಯರಿನಲ್ಲಿ ಸಕ್ಕರೆಯ ಡಬ್ಬಿ ಇಟ್ಟುಕೊಂಡಳು, ಜೊತೆಗೆ ಒಂದು ಇನ್ನೂರು ಪುಟದ ನೋಟ್‌ಬುಕ್ಕು. ಬಂದವರ ಹೆಸರನ್ನು, ಬಂದ ಹೊತ್ತನ್ನು ಅದರಲ್ಲಿ ಬರೆದುಕೊಂಡು, ಚೀಟಿಯನ್ನು ಕೈಯಲ್ಲೇ ಬರೆದು ಅಂಟಿಸಿ ರಕ್ತ ತೆಗೆಸಿ ಕಳಿಸಿಬಿಡುತ್ತಿದ್ದಳು. ಚಕ್ರ ನಿಂತ ಮೇಲೆ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸುತ್ತಿದ್ದಳು. ಒಂದು ಹೆಸರೂ ತಪ್ಪಿಲ್ಲ. ಇದು ನಿಯಮಬಾಹಿರವಾದ್ದರಿಂದ ಅದಕ್ಕೂ ಒಂದು ಮೆಮೊ ಹೋಯಿತು. ಮೆಮೊಗೆ ಉತ್ತರವಾಗಿ ಅವಳು ಆ ನೋಟ್‌ಬುಕ್ಕಿನ ಜೆರಾಕ್ಸ್ ಕಳಿಸಿದಳು. ಪ್ರತಿ ದಿನದ ಮೊದಲನೇ ಹೆಸರಿನ ಮುಂದೆ ಏಳು ಗಂಟೆ ಎರಡು ನಿಮಿಷ, ಏಳು ಗಂಟೆ ಮೂರು ನಿಮಿಷ ಎಂದಿತ್ತು. ನಾನು ಅದರ ಮೇಲೆ ‘ಅನಧಿಕೃತ ದಾಖಲೆ, ಪರಿಗಣಿಸಲಾಗದು’ ಎಂದು ಬರೆದು ಫೈಲಿಗೆ ಸೇರಿಸಿದೆ. ಅಕ್ಷರ ಬಹಳ ಚೆನ್ನಾಗಿ ಬಂದಿತ್ತು.

ಖಾಯಂ ಪಟ್ಟಿಯ ಕರಡು ತಯಾರಾದಾಗ ಸೆಲ್ವಿಯ ಹೆಸರು ಮೇಲಿನಿಂದ ಎರಡನೆಯದಿತ್ತು. ಸೇವಾವಧಿ ಸರಿ, ಕೆಲಸ ಸರಿ, ರೋಗಿಗಳ ದೂರಿಲ್ಲ. ‘ಸಮಯಪಾಲನೆ’ ಎಂಬ ಕಾಲಂ ನಾನು ತುಂಬಬೇಕಿತ್ತು. ಅದನ್ನೂ ಖಾಲಿ ಬಿಡಲಿಲ್ಲ. ಸ್ಕೇಲು ಇಟ್ಟು ಅವಳ ಹೆಸರಿನ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಸ್ಕೇಲಿಲ್ಲದೆ ಗೆರೆ ಎಳೆದರೆ ಸೊಟ್ಟಗಾಗುತ್ತದೆ, ನೋಡಲು ಚೆನ್ನಾಗಿರುವುದಿಲ್ಲ. ಪಟ್ಟಿಯನ್ನು ನೋಟೀಸ್ ಬೋರ್ಡಿಗೆ ಹಾಕಿ, ಆಕ್ಷೇಪಣೆ ಇದ್ದವರು ಮುಂದಿನ ತಿಂಗಳ ಮೊದಲ ಸೋಮವಾರದೊಳಗೆ ಆಧಾರ ಸಮೇತ ಅರ್ಜಿ ಕೊಡಬೇಕೆಂದು ಕೆಳಗೆ ಬರೆಸಿದೆವು.

ಇದಾದ ವಾರಕ್ಕೆ ನಮ್ಮ ಜನರಲ್ ಮ್ಯಾನೇಜರು ಕಾಗದನಗರದ ತಪಾಸಣೆಗೆ ಹೋದರು. ಬೆಂಚಿನ ಮೇಲಿದ್ದ ಹಸಿದ ಜನರ ಎದುರು ಕೂತು ತಮ್ಮ ಲ್ಯಾಪ್‌ಟಾಪ್ ತೆರೆದರು. ಚಕ್ರ ಸುತ್ತಿತು. ನಲವತ್ತು ನಿಮಿಷ ಸುತ್ತಿತು. ಎರಡು ವರ್ಷ ಸೆಲ್ವಿಯ ಮುಂದೆ ಸುತ್ತಿದ್ದ ಅದೇ ಚಕ್ರ. ಆದರೆ ಈ ಸಲ ಅದೇ ಮಧ್ಯಾಹ್ನ ಕಂಪನಿಯ ಎಂಜಿನಿಯರ್ ಬಂದರು. ಹೆಸರು ಉಷಾ, ನಲವತ್ತೈದರ ಆಸುಪಾಸು, ಕಡಿಮೆ ಮಾತು. ಭದ್ರಾವತಿಯಲ್ಲಿ ನೋಡುವುದನ್ನು ನೋಡಿ ಮುಗಿಸಿ, ಸಂಜೆ ನಮ್ಮ ಕಚೇರಿಗೆ ಬಂದು ನನ್ನೆದುರು ಕೂತು, ಫಾರಂ ತುಂಬಿದ್ದು ನೀವೇನಾ ಎಂದು ಕೇಳಿದರು. ಹೊಗಳುತ್ತಾರೆ ಎಂದುಕೊಂಡು ನಾನು ಹೌದೆಂದೆ.

ಆಮೇಲೆ ಅವರು ನನಗೆ ಸಾವಧಾನವಾಗಿ ಪಾಠ ಹೇಳಿದರು. ನನಗೆ ತಿಳಿದಷ್ಟು ಹೇಳುತ್ತೇನೆ. ಬೆಳಗ್ಗೆ ಗುಂಡಿ ಒತ್ತಿದಾಗ ಕಂಪ್ಯೂಟರಿಗೆ ತಾನು ಯಾವ ಊರಿನಲ್ಲಿದ್ದೇನೆ ಎಂಬುದು ಗೊತ್ತಿರುವುದಿಲ್ಲ. ಅದರ ಹತ್ತಿರ ಇರುವುದು ತನ್ನದೊಂದು ನಂಬರು ಮಾತ್ರ. ನಮ್ಮನ್ನು ಗುರುತು ಹಿಡಿದು ಒಳಗೆ ಬಿಡುವ ಯಂತ್ರಕ್ಕೆ ಲಾಗಿನ್ ಸರ್ವರ್ ಎನ್ನುತ್ತಾರೆ. ಅಂಥವು ನಮ್ಮಲ್ಲಿ ನಾಲ್ಕಿವೆ, ಊರಿಗೊಂದರಂತೆ. ಕಂಪ್ಯೂಟರು ಆ ನಾಲ್ಕರ ಪಟ್ಟಿ ತರಿಸಿಕೊಂಡು ಹೆಸರು ಸಿಕ್ಕ ಹಾಗೆ ಒಂದೊಂದನ್ನೇ ಕೂಗುತ್ತದೆ. ಮೊದಲು ಯಾವುದು ಓಗೊಟ್ಟಿತೋ ಅದು ಈ ನಂಬರನ್ನು ನೋಡಿ, ನೀನು ಇಂಥ ಸೈಟಿನವನಪ್ಪಾ, ನಿನ್ನ ಸೈಟಿನಲ್ಲೇ ಸರ್ವರ್ ಇದೆ, ಅಲ್ಲಿಗೆ ಹೋಗು ಎಂದು ದಾರಿ ತೋರಿಸುತ್ತದೆ. ಕಂಪ್ಯೂಟರು ಹೋಗುತ್ತದೆ, ಮನೆಯ ದಾರಿಯನ್ನು ನೆನಪಿಟ್ಟುಕೊಳ್ಳುತ್ತದೆ. ಸೈಟ್ ಅಂದರೆ ಅಷ್ಟೇ. ಯಾವ ನಂಬರಿನವರು ಯಾವ ಊರಿನವರು ಎಂಬ ಪಟ್ಟಿ.

ಇಷ್ಟು ಹೇಳಿ ಉಷಾ ಮೇಡಂ ನನ್ನ ಫಾರಮ್ಮನ್ನು ಟೇಬಲ್ಲಿನ ಮೇಲೆ ಬಿಡಿಸಿದರು. ಅದನ್ನು ಕಂಪ್ಯೂಟರಿಗೆ ಏರಿಸಿದ ಮಹಾನುಭಾವ ಒಂದೂ ಪ್ರಶ್ನೆ ಕೇಳದೆ ನಾನು ಬರೆದದ್ದನ್ನೇ ಬರೆದಿದ್ದ. ಹಾಗಾಗಿ ನಮ್ಮ ಶಿವಮೊಗ್ಗದ ಕಂಪ್ಯೂಟರುಗಳು ತಾವು ‘ನಲವತ್ತು ಅರವತ್ತು ಪೂರ್ವ’ ಎಂಬ ಊರಿನಲ್ಲಿದ್ದೇವೆ ಎಂದು ಎರಡು ವರ್ಷದಿಂದ ನಂಬಿಕೊಂಡು ಬಂದಿವೆ. ಊರಿನ ಹೆಸರು ಏನಾದರೂ ಆಗಲಿ, ಹೆಸರು ಅಂತ ಒಂದಿದ್ದರೆ ಅವಕ್ಕೆ ಸಾಕು. ಕಾಗದನಗರದ ಮುಂದೆ ಮಾತ್ರ ‘ನಿಲ್’ ಎಂದಿತ್ತಲ್ಲ, ಅದನ್ನು ಆ ಮನುಷ್ಯ ಏರಿಸಲೇ ಇಲ್ಲ. ಆದ್ದರಿಂದ ಸೆಲ್ವಿಯ ಕಂಪ್ಯೂಟರು ದಿನಾ ಬೆಳಗ್ಗೆ ಎದ್ದು ಯಾರನ್ನೋ ಕೂಗಿ, ನಾನು ಎಲ್ಲಿಯವನು ಎಂದು ಕೇಳುತ್ತಿತ್ತು. ನೀನು ಎಲ್ಲಿಯವನೂ ಅಲ್ಲ ಎಂಬ ಉತ್ತರ ಬರುತ್ತಿತ್ತು. ಎಲ್ಲಿಯವನೂ ಅಲ್ಲದವನು ಓಗೊಟ್ಟವರ ಹತ್ತಿರವೇ ಉಳಿಯಬೇಕಲ್ಲ. ಒಂದು ದಿನ ಮಂಗಳೂರು, ಒಂದು ದಿನ ಹುಬ್ಬಳ್ಳಿ. ಸಣಕಲು ಲೈನಿನಲ್ಲಿ ಅಷ್ಟು ದೂರದಿಂದ ಅವಳ ಪೂರ್ವಾಪರವೆಲ್ಲ ಬರುವಷ್ಟರಲ್ಲಿ ಏಳೂವರೆ ಆಗಿರುತ್ತಿತ್ತು. ಅದೃಷ್ಟವಿದ್ದ ದಿನ ತನ್ನೂರಿನದೇ ಸಿಗುತ್ತಿತ್ತು, ಆವತ್ತು ಅವಳು ಸಮಯಕ್ಕೆ ಸರಿಯಾಗಿ ಬಂದಿರುತ್ತಿದ್ದಳು. ನಾನು ಮೆಲ್ಲಗೆ, ಹಾಗಾದರೆ ಕಾಗದನಗರದ ಸರ್ವರ್ ಎಲ್ಲಿದೆ ಮೇಡಂ ಎಂದು ಕೇಳಿದೆ.

“ಅವರು ಕೂರ್ತಾರಲ್ಲ, ಆ ಕುರ್ಚಿ ಹಿಂದಿನ ಬೀರುವಿನಲ್ಲಿ” ಎಂದರು ಉಷಾ ಮೇಡಂ. “ಚೆನ್ನಾಗೇ ಇದೆ. ದಿನಾ ಆನ್ ಇರತ್ತೆ.”

ಎರಡು ವರ್ಷ ಆ ಸರ್ವರು ಅವಳ ಬೆನ್ನ ಹಿಂದೆ ದೀಪ ಮಿಣುಕಿಸುತ್ತ ಕೂತಿತ್ತು. ನಾನು ಕುಡಿಯಲು ನೀರು ತರಿಸಿದೆ. ನನಗಾಗಿ. ಉಷಾ ಮೇಡಂ ಅಲ್ಲೇ ಕೂತು ತಮ್ಮ ಲ್ಯಾಪ್‌ಟಾಪಿನಲ್ಲಿ ಒಂದು ಹೆಸರು ಬರೆದು, ಅದರ ಮುಂದೆ ಕಾಗದನಗರದ ನಂಬರು ಸೇರಿಸಿ, ಆಯ್ತು ಎಂದರು. ಅವರಿಗೆ ತರಿಸಿದ್ದ ಟೀ ಇನ್ನೂ ಬಿಸಿಯಿತ್ತು. ಮಾರನೆಯ ದಿನ ಅಲ್ಲಿ ಎರಡು ಕಂಪ್ಯೂಟರುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡವಂತೆ. ಮೂರನೆಯದನ್ನು ಹಿಂದಿನ ರಾತ್ರಿ ಯಾರೂ ಆರಿಸಿರಲಿಲ್ಲವಾದ್ದರಿಂದ ಅದು ಇನ್ನೊಮ್ಮೆ ಕೇಳುವ ಗೋಜಿಗೆ ಹೋಗದೆ ಹಳೆಯ ಅಭ್ಯಾಸದಂತೆ ಮಂಗಳೂರಿಗೇ ಹೋಗುತ್ತಿತ್ತು. ಆರಿಸಿ ಹಚ್ಚಿದ ಮೇಲೆ ಅದಕ್ಕೂ ಬುದ್ಧಿ ಬಂತು.

ನಾನು ಜನರಲ್ ಮ್ಯಾನೇಜರ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದೆ. ಇಷ್ಟರ ಮಟ್ಟಿಗೆ ನಾನು ಪ್ರಾಮಾಣಿಕ. ಅವರು ಮೊದಲು ನಲವತ್ತು ಅರವತ್ತು ಪೂರ್ವಕ್ಕೆ ಬಹಳ ಹೊತ್ತು ನಕ್ಕರು. ಆಮೇಲೆ ನಾನು ಸೆಲ್ವಿಯ ಹೆಸರೆತ್ತಿದಾಗ ನಗು ನಿಲ್ಲಿಸಿ, ಪಟ್ಟಿ ಮೇಲಿನವರಿಗೆ ಹೋಗಿ ಆಗಿದೆ ಎಂದರು. ಈಗ ನಾವೇ ತಪ್ಪು ಅಂತ ಬರೆದುಕೊಟ್ಟರೆ ಎರಡು ವರ್ಷದ ಮೆಮೊಗಳೆಲ್ಲ ಎದ್ದು ಕೂರುತ್ತವೆ, ಪ್ರತಿಯೊಂದರ ಕೆಳಗೂ ನಿಮ್ಮ ಸಹಿ ಇದೆ ಎಂದು ನೆನಪಿಸಿದರು. “ನಿಮಗೆ ಇನ್ನು ನಾಲ್ಕು ತಿಂಗಳು. ಯಾಕ್ರೀ ಬೇಕು? ಬಾಯಲ್ಲಿ ಏನು ಬೇಕಾದ್ರೂ ಹೇಳಿ, ಕಾಗದದ ಮೇಲೆ ಬೇಡ” ಎಂದರು. ನಾನು ತಲೆ ಆಡಿಸಿದೆ. ಆ ಆಡಿಸಿದ್ದು ಹೌದೆಂದೋ ಅಲ್ಲವೆಂದೋ ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಬಾಯಲ್ಲಿ ಹೇಳಬಹುದು ಎಂದಿದ್ದರಲ್ಲ, ಅದಕ್ಕಾಗಿ ಕಳೆದ ಭಾನುವಾರ ಬಸ್ ಹತ್ತಿ ಭದ್ರಾವತಿಗೆ ಹೋದೆ. ಸೆಲ್ವಿಯ ಮನೆ ಕಾಗದನಗರದ ಹಳೆಯ ಕ್ವಾರ್ಟರ್ಸಿನಲ್ಲಿ. ಅವಳು ಬಾಗಿಲಲ್ಲಿ ನನ್ನನ್ನು ನೋಡಿ ಮೊದಲು ಇನ್ನೊಂದು ಮೆಮೊ ಎಂದೇ ತಿಳಿದಳು, ನನ್ನ ಕೈ ನೋಡಿದಳು. ಕೈಯಲ್ಲಿ ಕಿತ್ತಳೆಹಣ್ಣಿನ ಚೀಲವಿತ್ತು. ಅವಳಮ್ಮ ಕಾಫಿ ತಂದರು. ನಾನು ಸೈಟಿನ ಕಥೆಯನ್ನು ಮೊದಲಿನಿಂದ ಹೇಳಿದೆ, ಉಷಾ ಮೇಡಂ ಹೇಳಿದ್ದಕ್ಕಿಂತ ಚೆನ್ನಾಗಿಯೇ ಹೇಳಿದೆ ಎಂದು ಕಾಣುತ್ತದೆ. ಸೆಲ್ವಿ ನಡುವೆ ಒಮ್ಮೆ ನಕ್ಕಳು ಕೂಡ. ಅವಳಮ್ಮ ಏನೆಂದು ತಮಿಳಿನಲ್ಲಿ ಕೇಳಿದರು. ಅವಳು ಕೊಟ್ಟ ಉತ್ತರದಲ್ಲಿ ನನಗೆ ತಿಳಿದದ್ದು ‘ಸೈಟ್’ ಮತ್ತು ‘ನಿಲ್’ ಎಂಬ ಎರಡೇ ಶಬ್ದ. ಆ ತಾಯಿ ನನ್ನ ಮುಖವನ್ನು ಒಮ್ಮೆ ನೋಡಿ, ನಾನು ಅರ್ಧ ಕುಡಿದಿಟ್ಟ ಕಾಫಿ ಲೋಟವನ್ನು ತೆಗೆದುಕೊಂಡು ಒಳಗೆ ಹೋದರು.

“ನಿಮ್ಗೆ ಸೈಟ್ ಇದ್ಯಾ ಸಾರ್?” ಎಂದು ಸೆಲ್ವಿ ಕೇಳಿದಳು.

ಇತ್ತು ಕಣಮ್ಮ, ಸೋಗಾನೆ ಹತ್ತಿರ, ಮಾರಿಬಿಟ್ಟೆ, ಈಗ ಬಾಡಿಗೆ ಮನೆ ಎಂದೆ.

“ಆದ್ರೂ ನಿಮ್ ಕಂಪ್ಯೂಟರ್ ದಿನಾ ಟೈಮಿಗೆ ಬರತ್ತಲ್ಲ ಸಾರ್.”

ಅವಳು ಎದ್ದು ಹೋಗಿ ಆ ಇನ್ನೂರು ಪುಟದ ನೋಟ್‌ಬುಕ್ಕು ತಂದಳು. ಒಂದು ತುಂಬಿ ಎರಡನೆಯದು ನಡೆಯುತ್ತಿತ್ತು. ಆಕ್ಷೇಪಣೆಯ ಅರ್ಜಿಯನ್ನು ಆಗಲೇ ಬರೆದು ಅದರೊಳಗೆ ಇಟ್ಟಿದ್ದಳು. ಆಧಾರ ಎಂದು ಈ ನೋಟ್‌ಬುಕ್ಕನ್ನೇ ಕೊಡೋಣ ಅಂದರೆ ಇದು ಅನಧಿಕೃತ ಅಂತ ನೀವೇ ಬರೆದಿದ್ದೀರಿ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. “ಈಗ ಹೇಳಿದ್ರಲ್ಲ ಸಾರ್, ಅದನ್ನ ಒಂದು ಸಾಲು ಬರೆದು ಸಹಿ ಹಾಕಿ ಕೊಡಿ. ಫಾರಂ ತುಂಬೋವಾಗ ತಪ್ಪಾಯ್ತು, ಅದಕ್ಕೇ ಲೇಟ್ ಆಯ್ತು ಅಂತ. ಸಾಕು” ಎಂದಳು. ಪೆನ್ನೂ ಕೊಟ್ಟಳು. ನಾನು ಪೆನ್ನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಇಂಥದ್ದನ್ನು ಹಾಗೆಲ್ಲ ಬಿಳಿ ಹಾಳೆಯಲ್ಲಿ ಬರೆಯುವಂತಿಲ್ಲ, ಕಚೇರಿಯ ಲೆಟರ್‌ಹೆಡ್ಡಿನಲ್ಲಿ, ಸೀಲು ಹಾಕಿ, ನಂಬರು ಕೊಟ್ಟು ಕಳಿಸುತ್ತೇನೆ ಎಂದೆ. ಅವಳು, ನಾಳೆ ಬಿಟ್ಟು ಮುಂದಿನ ಸೋಮವಾರ ಕೊನೆ ದಿನ ಸಾರ್ ಎಂದಳು. ಗೊತ್ತಮ್ಮ, ಆ ದಿನ ಗೊತ್ತು ಮಾಡಿದ್ದು ನಾನೇ ಅಲ್ವಾ ಎಂದು ನಗಲು ನೋಡಿದೆ. ಬಸ್ಸಿನಲ್ಲಿ ವಾಪಸು ಬರುವಾಗ ಅವಳ ಪೆನ್ನು ನನ್ನ ಜೇಬಿನಲ್ಲೇ ಇತ್ತು.

ಅದಾಗಿ ಇವತ್ತಿಗೆ ಏಳು ದಿನ. ಲೆಟರ್‌ಹೆಡ್ ಮನೆಗೆ ತಂದಿದ್ದೇನೆ. ಸೀಲೂ ತಂದಿದ್ದೇನೆ, ಅದು ನಿಯಮಬಾಹಿರ. ವಿಷಯ, ಉಲ್ಲೇಖ, ದಿನಾಂಕ ಎಲ್ಲ ಬರೆದಾಗಿದೆ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂಬಲ್ಲಿಯವರೆಗೆ ಸಲೀಸಾಗಿ ಹೋಗುತ್ತದೆ. ಅಲ್ಲಿಂದ ಮುಂದೆ ‘ನಾನು’ ಎಂದು ಬರೆಯಬೇಕು, ಅಲ್ಲಿ ಪೆನ್ನು ನಿಲ್ಲುತ್ತದೆ. ‘ಕಣ್ತಪ್ಪಿನಿಂದ’ ಎಂದು ಬರೆಯೋಣವೆಂದರೆ ಕಣ್ಣು ತಪ್ಪಿರಲಿಲ್ಲ, ಕನ್ನಡಕ ಹಾಕಿಕೊಂಡೇ ಬರೆದಿದ್ದೆ. ‘ತಾಂತ್ರಿಕ ಕಾರಣಗಳಿಂದ’ ಎಂದರೆ ತಾಂತ್ರಿಕವಾಗಿ ಎಲ್ಲವೂ ಸರಿಯಿತ್ತು, ಬೀರುವಿನಲ್ಲಿ ದೀಪ ಉರಿಯುತ್ತಲೇ ಇತ್ತು. ‘ವಿಷಾದದೊಂದಿಗೆ’ ಎಂಬ ಶಬ್ದ ನೆನಪಾಯಿತು, ಅದನ್ನು ಈ ಕಾಗದದಲ್ಲಿ ಹಾಕಲು ನಾಚಿಕೆಯಾಯಿತು. ಸರ್ವೀಸ್ ಪುಸ್ತಕದ ಕೊನೆಯ ಪುಟ ಕಣ್ಣ ಮುಂದೆ ಬರುತ್ತದೆ, ಷರಾ ಎಂಬಲ್ಲಿ ಏನೂ ಇಲ್ಲ. ನಾಲ್ಕು ತಿಂಗಳಾದ ಮೇಲೆ ಅಲ್ಲಿ ‘ನಿಲ್’ ಎಂದು ಬರೆದು ಮುಗಿಸುವುದು ನನ್ನ ಬಹಳ ದಿನದ ಆಸೆ. ನಾನು ಹೆದರಿದ್ದೇನೆ. ಇದಕ್ಕಿಂತ ದೊಡ್ಡ ಕಾರಣವೇನೂ ಇಲ್ಲ.

ಇವತ್ತು ಭಾನುವಾರ. ನಾಳೆ ಸೋಮವಾರ. ಬೆಳಗಿನ ತಿಂಡಿ ಆದಾಗಿನಿಂದ ಇದೇ ಮೇಜಿನ ಮುಂದೆ ಕೂತಿದ್ದೇನೆ. ಸ್ವಲ್ಪ ಹೊತ್ತಿನ ಹಿಂದೆ ವಿಮಾನ ಹೋಯಿತು. ಅಡುಗೆಮನೆಯಲ್ಲಿ ಚಾಕುವಿನ ಸದ್ದು ನಿಂತಿತು, ಮತ್ತೆ ಶುರುವಾಗಲಿಲ್ಲ. ವಿಶಾಲಾಕ್ಷಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು. ಸೆಲ್ವಿಯ ವಿಷಯ ಅವಳಿಗೆ ಗೊತ್ತು, ಏಳು ದಿನದಿಂದ ಕೇಳುತ್ತಲೇ ಇದ್ದಾಳೆ. ಮೇಜಿನ ಮೇಲೆ ಬರೆದು ಗುಡ್ಡೆ ಹಾಕಿದ ಹಾಳೆಗಳನ್ನು ನೋಡಿ ಅವಳ ಮುಖ ಸ್ವಲ್ಪ ಸಡಿಲಾಯಿತು.

“ಆ ಹುಡುಗಿಗೆ ಕೊಡೋ ಕಾಗದನಾ?” ಎಂದು ಕೇಳಿದಳು.

ನಾನು ನಿಮಗೆ ಬರೆಯುತ್ತಿದ್ದ ಈ ಹಾಳೆಯ ಮೇಲೆ ಮೊಣಕೈ ಇಟ್ಟು, ಹೂಂ, ಅದೇ ಎಂದೆ.

“ಒಂದು ಸಾಲು ಅಂದಿದ್ರಿ” ಎಂದಳು. ಲೆಟರ್‌ಹೆಡ್ಡು ಪಕ್ಕದಲ್ಲಿ ಸೀಲಿನ ಕೆಳಗೆ ಇತ್ತು.